ಅಜ್ಜಿಗೆ ಮೊಮ್ಮಗಳ ಸ್ಟೀರಿಂಗ್

ಫೆಬ್ರವರಿ 3, ಸೋಮವಾರ

ನನ್ನ ಕಾರಿನ ಸ್ಟೀರಿಂಗ್ ಬಿಚ್ಚುವುದೆಂದು ಇವತ್ತು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಇಬ್ಬರು, ಮಾವ ಮತ್ತು ಮಾವನ ಮಗಳು. ಕಾರಿನ ಒಡತಿಯಾದ ನಾನು ಪಕ್ಕದಲ್ಲೇ ಟೀ ಲೋಟ ಹಿಡಿದು ನಿಂತಿದ್ದೆ. ನನ್ನನ್ನೊಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಯಜಮಾನರಿಗೆ ಹೇಳಿದರೆ, "ಅವಳು ಒಂದೂವರೆ ತಿಂಗಳ ರಜೆಗೆ ಬಂದಿದಾಳೆ, ಅಷ್ಟಕ್ಕೆ ಯಾಕೆ ಮುಖ ಊದಿಸ್ಕೊಳ್ತೀಯ" ಅಂದರು. ಅಣ್ಣನಲ್ಲವೇ, ಇನ್ನೇನು ಹೇಳುತ್ತಾರೆ. ಪ್ರೆಸ್ಸಿನಲ್ಲಿ ತಪ್ಪು ತಿದ್ದುವ ಕೆಲಸ ಇವರದು. ಊರಿನವರ ತಪ್ಪೆಲ್ಲ ಕಾಣುತ್ತದೆ, ಮನೆಯದು ಕಾಣುವುದಿಲ್ಲ. ಅದಕ್ಕೇ ಈ ನೋಟುಪುಸ್ತಕ. ಮೊದಲಿನಿಂದ ಬರೆದರೆ ತಪ್ಪು ಯಾರದೆಂದು ನನಗಾದರೂ ತಿಳಿದೀತು.

ಮಾವನ ರಿಪೇರಿ ಶೆಡ್ಡಿನಲ್ಲಿ ಎರಡು ಹಳೆಯ ಕಾರುಗಳಿವೆ. ಒಂದೇ ಹೆಸರಿನ ಕಾರು, ಆದರೆ ಬೇರೆ ಬೇರೆ ಕಾಲದ್ದು. ಮಾವನದು ಮೊಟ್ಟಮೊದಲ ತಲೆಮಾರಿನದು, ಅದನ್ನು ಅಜ್ಜಿ ಎನ್ನುತ್ತೇವೆ. ನನ್ನದು ಮೂರನೆಯ ತಲೆಮಾರಿನದು, ಮೊಮ್ಮಗಳು. ಎಂಟು ವರ್ಷದ ಹಿಂದೆ ಯಾರೋ ಬಿಟ್ಟುಹೋದ ತುಕ್ಕಿನ ಗೂಡನ್ನು ತೋರಿಸಿ ಮಾವ, "ಇದು ನಿನ್ನದಮ್ಮ" ಅಂದಿದ್ದರು. ಈ ಮನೆಗೆ ಬಂದ ಹತ್ತೊಂಬತ್ತು ವರ್ಷದಲ್ಲಿ ಅವರಾಗಿ ನನಗೆ ಕೊಟ್ಟದ್ದು ಅದೊಂದೇ.

ಅಜ್ಜಿಯ ಗೇರು ಸ್ಟೀರಿಂಗ್ ಚಕ್ರದ ಕೆಳಗೆ, ಎಡಗೈ ಎತ್ತಿ ಎಳೆಯುವ ಹಾಗೆ ಇದೆ. ಮೊಮ್ಮಗಳ ಕಾಲಕ್ಕೆ ಗೇರು ನೆಲಕ್ಕೆ ಇಳಿದಿತ್ತು. ಹತ್ತು ತಿಂಗಳ ಹಿಂದೆ ಮಾವ ಏಣಿಯಿಂದ ಬಿದ್ದರು. ಅಂದಿನಿಂದ ಎಡಗೈ ಎದೆಯ ಮಟ್ಟಕ್ಕೆ ಏಳುವುದಿಲ್ಲ. ದಿನಾ ಬೆಳಿಗ್ಗೆ ಅಜ್ಜಿಯೊಳಗೆ ಹೋಗಿ ಕೂತು, ಚಕ್ರ ಹಿಡಿದು, ಕಾಲು ಗಂಟೆ ಎದುರಿನ ಗೋಡೆಯನ್ನೇ ನೋಡಿ ಇಳಿದು ಬರುತ್ತಾರೆ. ಏನು ಮಾಡಬಹುದೆಂದು ನಾನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆ ಮಹಾರಾಣಿ ಬಂದು ಮೂರೇ ದಿನದಲ್ಲಿ, "ಅಪ್ಪ, ಗೇರನ್ನ ನೆಲಕ್ಕೆ ಇಳಿಸೋಣ, ಮೊಮ್ಮಗಳ ಸ್ಟೀರಿಂಗ್ ಇದಕ್ಕೆ ಹಾಕೋಣ, ಕೈ ಎತ್ತೋ ಕೆಲಸಾನೇ ಇರಲ್ಲ" ಅಂದಳು.

"ಭಲೇ!" ಅಂದರು ಮಾವ. ನನಗೆ ಹತ್ತೊಂಬತ್ತು ವರ್ಷದಲ್ಲಿ ಒಂದು ಭಲೇ ಸಿಕ್ಕಿಲ್ಲ.

ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಾರೆ. ನಲವತ್ತೆರಡು ವರ್ಷದ ಪುಟ್ಟಿ! ನನ್ನ ಬಾಯಲ್ಲಂತೂ ಅದು ಬರುವುದಿಲ್ಲ.

ಫೆಬ್ರವರಿ 6, ಗುರುವಾರ

ಅವಳು ದೂರದ ಯಂತ್ರದ ಕಾರ್ಖಾನೆಯಲ್ಲಿ ಅಳತೆ ನೋಡುವವಳು. ಕೂದಲೆಳೆ ಹೆಚ್ಚುಕಡಿಮೆಯಾದರೂ ಮಾಲನ್ನು ವಾಪಸು ಎಸೆಯುವ ಹುದ್ದೆ. ಇಲ್ಲೂ ಅದನ್ನೇ ನಡೆಸಿದ್ದಾಳೆ. ಅಜ್ಜಿಯ ಹಳೆಯ ಕಂಪನಿ ಪುಸ್ತಕ ತೆರೆದಿಟ್ಟುಕೊಂಡು, ಗೆರೆ ಕಾಗದದ ಮೇಲೆ ಸ್ಟೀರಿಂಗಿನ ಚಿತ್ರ ಬರೆದು, ಒಂದೊಂದಕ್ಕೂ ಅಂಕಿ ಹಾಕುತ್ತಿದ್ದಾಳೆ. ಮಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಆ ಚಿತ್ರವನ್ನೇ ನೋಡುತ್ತಾರೆ. ನನ್ನ ಅಳತೆಯೆಲ್ಲ ಬೆರಳಿನಲ್ಲಿದೆ. ಬೆರಳನ್ನು ಯಾರು ಬಂದು ನೋಡುತ್ತಾರೆ?

ಅವಳು ಒಂದು ಬೋಲ್ಟು ಬಿಗಿದರೆ ಮಾವ ಹೋಗಿ ಅದಕ್ಕೆ ಮತ್ತೆ ಸ್ಪ್ಯಾನರ್ ಹಾಕಿ ನೋಡುತ್ತಾರೆ. ಇನ್ನೊಂದು ಬಿಗಿದರೆ ಇನ್ನೊಮ್ಮೆ. ಬೆಳಗಿನಿಂದ ಸಂಜೆವರೆಗೆ ಮಗಳ ಹಿಂದೆ ಮುಂದೆ. ನಾನು ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಒಬ್ಬರ ವ್ಯಾನಿನ ಬ್ರೇಕು ಪೂರ್ತಿ ಬಿಚ್ಚಿ ಜೋಡಿಸಿದೆ. ಒಂದು ಸಲವಾದರೂ ಹತ್ತಿರ ಬಂದು ನೋಡಿದರಾ? ಊಹೂಂ. ಎಷ್ಟೋ ವರ್ಷದಿಂದ ಬಂದಿಲ್ಲ. ಸೊಸೆ ಮಾಡಿದ್ದು ಮಾಡಿದಳು, ಯಾರಿಗೆ ಬೇಕು.

ಹೊಟ್ಟೆ ಉರಿಯುತ್ತದೆ. ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ. ಹೊಟ್ಟೆ ಉರಿಯುತ್ತದೆ.

ಫೆಬ್ರವರಿ 9, ಭಾನುವಾರ

ಮೊಮ್ಮಗಳ ಸ್ಟೀರಿಂಗ್ ಬಿಚ್ಚಿದೆವು. ಬಿಚ್ಚಿದೆವು ಏನು, ನಾನೇ ಬಿಚ್ಚಿದೆ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಅದರ ಚಕ್ರಕ್ಕೆ ಚರ್ಮ ಹೊಲಿದವಳು ನಾನು, ಎರಡು ಚಳಿಗಾಲ ಹಿಡಿದಿತ್ತು. ಚಕ್ರದ ಕೆಳಗಿನ ಉದ್ದ ರಾಡನ್ನು ಮುಖ ಕಾಣುವ ಹಾಗೆ ಉಜ್ಜಿದವಳು ನಾನು.

"ಅತ್ತಿಗೆ, ಈ ಹೊಲಿಗೆ ನೀವೇ ಹಾಕಿದ್ದಾ? ಎಷ್ಟು ಚೆನ್ನಾಗಿದೆ!" ಅಂದಳು ಮಹಾರಾಣಿ.

"ಇನ್ಯಾರು ಹಾಕ್ತಾರೆ, ನಿಮ್ಮಣ್ಣನಾ? ಅವರಿಗೆ ಅಂಗಿ ಗುಂಡಿ ಹಾಕೋಕೂ ನಾನೇ ಬೇಕು" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ಮಾವನೂ ನಕ್ಕರು. ನಗಿಸಬೇಕೆಂದು ನಾನು ಹೇಳಿರಲಿಲ್ಲ.

ಸ್ಟೀರಿಂಗ್ ಹೋದಮೇಲೆ ಮೊಮ್ಮಗಳ ಡ್ಯಾಶ್‌ಬೋರ್ಡಿನ ಕೆಳಗೊಂದು ತೂತು ಉಳಿದಿದೆ. ಅದರ ಮೇಲೊಂದು ಬಟ್ಟೆ ಹೊದಿಸಿ ಬಂದೆ.

ಫೆಬ್ರವರಿ 12, ಬುಧವಾರ

ಅವಳು ಅಪ್ಪನಿಗೆ 'ನೀನು' ಎನ್ನುತ್ತಾಳೆ. "ಅಪ್ಪ, ನೀನು ಸುಮ್ನಿರು" ಎನ್ನುತ್ತಾಳೆ. ಅವರು ಸುಮ್ಮನಿರುತ್ತಾರೆ! ನಾನು ಇಷ್ಟು ವರ್ಷ 'ನೀವು' ಅಂದುಕೊಂಡು, ಸೆರಗಿಗೆ ಗ್ರೀಸು ಬಳಿದುಕೊಂಡು, ಟಾರ್ಚು ಹಿಡಿಯುವುದರಿಂದ ಶುರುಮಾಡಿ ಎಂಜಿನ್ ಇಳಿಸುವವರೆಗೆ ಕಲಿತೆ. ಹೊಟ್ಟೆಯಲ್ಲಿ ಹುಟ್ಟಿದವಳು ಒಂದು ಸೂಟ್‌ಕೇಸು ಹಿಡಿದು ಬಂದರೆ ಎಲ್ಲ ಮುಗಿಯಿತು.

ಇವತ್ತು ಇಷ್ಟೇ.

ಫೆಬ್ರವರಿ 15, ಶನಿವಾರ

ಗೇರು ನೆಲಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಮುಗಿಸಿದೆ. ಅಜ್ಜಿಯ ನೆಲ ಕತ್ತರಿಸಿ, ಸಲಾಕೆಗಳನ್ನು ಬಗ್ಗಿಸಿ ಜೋಡಿಸಿ, ಒಟ್ಟು ಹನ್ನೊಂದು ಬೋಲ್ಟು ಬಿಗಿದು ಹನ್ನೊಂದಕ್ಕೂ ಕೆಂಪು ಹಚ್ಚಿದೆ.

ಇದು ನಮ್ಮ ಶೆಡ್ಡಿನ ಪದ್ಧತಿ. ಬೋಲ್ಟು ಕೊನೆಯ ಸಲ ಬಿಗಿದವರು ಅದರ ಮೇಲಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಬಣ್ಣ ಎಳೆಯಬೇಕು. ಬೋಲ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಮಾವನದು ಬಿಳಿ ಬಣ್ಣ, ಡಬ್ಬಿಯದು. ನನ್ನದು ಕೆಂಪು ನೇಲ್ ಪಾಲಿಶ್. ಮದುವೆಯಲ್ಲಿ ಯಾರೋ ಕೊಟ್ಟ ಸೀಸೆ. ಕರಿ ಉಗುರಿಗೆ ಕೆಂಪು ಹಚ್ಚಿ ಯಾರಿಗೆ ತೋರಿಸಲಿ ಎಂದು ಬೋಲ್ಟಿಗೆ ಹಚ್ಚತೊಡಗಿದೆ. ಅದು ಮುಗಿದಮೇಲೂ ಅದೇ ಕೆಂಪನ್ನು ತರಿಸುತ್ತಿದ್ದೇನೆ.

"ಗೇರು ಆಯ್ತು ಮಾವ" ಅಂದೆ.

"ಆಯ್ತಾ? ಸರಿ" ಅಂದು ಮಗಳ ಕಡೆಗೆ ಹೋದರು. ಬಗ್ಗಿಯೂ ನೋಡಲಿಲ್ಲ.

ಕೈ ತೊಳೆಯುವಾಗ ಅಳು ಬಂತು. ಸೋಪು ಕಣ್ಣಿಗೆ ಹೋಯಿತೆಂದು ಇವರಿಗೆ ಹೇಳಿದೆ. ಇವರು ಕಣ್ಣಿಗೆ ಊದಿದರು, ಪಾಪ.

ಫೆಬ್ರವರಿ 18, ಮಂಗಳವಾರ

ಕಿಟಕಿಯ ಮೇಲಿದ್ದ ನನ್ನ ಸೀಸೆ ಜಾಗ ಬದಲಾಯಿಸಿತ್ತು.

"ಅತ್ತಿಗೆ, ನಿಮ್ಮ ಬಣ್ಣ ಸ್ವಲ್ಪ ತಗೊಂಡೆ. ನನ್ನ ಸೀಮೆಸುಣ್ಣದ ಗುರುತು ಅಳಿಸಿಹೋಗ್ತಾ ಇತ್ತು. ಸ್ಟೀರಿಂಗ್ ಪೂರ್ತಿ ಕೂರಿಸಿಬಿಟ್ಟೆ ಇವತ್ತು!" ಅಂದಳು, ಮುಖವೆಲ್ಲ ನಗು.

ಮೈ ಉರಿದುಹೋಯಿತು. ನನ್ನ ಕಾರಿನ ಸ್ಟೀರಿಂಗ್ ಆಯಿತು, ಮಾವ ಆದರು, ಈಗ ನನ್ನ ಕೆಂಪೂ ಬೇಕಾಯಿತೇ? "ತಗೋ, ಅದಕ್ಕೇನಂತೆ" ಅಂದೆ, ಹಲ್ಲು ಕಚ್ಚಿಕೊಂಡು.

ಮಧ್ಯಾಹ್ನ ಅಪ್ಪ ಮಗಳು ಊಟಕ್ಕೆ ಹೋದಾಗ ಗಾಡಿಯ ತಳ ನೋಡಲು ತೋಡಿರುವ ಗುಂಡಿಗೆ ಇಳಿದು ಅಜ್ಜಿಯ ಹೊಟ್ಟೆಯ ಕೆಳಗೆ ನಿಂತು ಟಾರ್ಚು ಬಿಟ್ಟೆ. ನನ್ನ ಬಣ್ಣ ಎಲ್ಲೆಲ್ಲಿ ಬಳಿದಿದ್ದಾಳೆಂದು ನೋಡಬೇಕಿತ್ತು, ಅಷ್ಟೇ. ನೋಡಿದರೆ ಕೆಳಗಿನ ಜಾಯಿಂಟು ಸರಿಯಾಗಿ ಕೂತಿಲ್ಲ.

ಗಾಲಿ ತಿರುಗಿಸುವ ಸ್ಟೀರಿಂಗ್ ಬಾಕ್ಸಿನಿಂದ ಒಂದು ಮೊಟಕು ದಂಡ ಹೊರಗೆ ಬರುತ್ತದೆ, ಅದಕ್ಕೆ ಸುತ್ತ ಹಲ್ಲು. ರಾಡಿನ ತುದಿಯ ಜಾಯಿಂಟು ಅದರ ಮೇಲೆ ಟೋಪಿಯ ಹಾಗೆ ಪೂರ್ತಿ ಇಳಿಯಬೇಕು. ಇಳಿದರೆ ಜಾಯಿಂಟಿನ ಬೋಲ್ಟು ದಂಡದ ತೋಡಿನೊಳಗೆ ಹಾಯುತ್ತದೆ, ಆಮೇಲೆ ಯಾವ ಕಾಲಕ್ಕೂ ಕಳಚುವುದಿಲ್ಲ. ಇದು ಬೆರಳಗಲ ಮೇಲೆಯೇ ನಿಂತಿದೆ. ಬೋಲ್ಟು ತೋಡಿಗೆ ಬೀಳದೆ ದಂಡದ ತಲೆಯ ಮೇಲಿಂದ ಹಾದುಹೋಗಿದೆ. ಬಿಗಿಯೇನೋ ಬಿಗಿಯಾಗಿದೆ. ನಿಂತ ಕಾರಿನಲ್ಲಿ ಚಕ್ರ ತಿರುಗಿಸಿದರೆ ತಿರುಗುತ್ತದೆ. ರಸ್ತೆಯಲ್ಲಿ ನಾಲ್ಕು ಹಳ್ಳ ಹಾರಿದರೆ ಮೇಲಕ್ಕೆ ಜಾರಿ ಬರುತ್ತದೆ.

ಕಾರಣವೂ ನನಗೆ ಗೊತ್ತು. ಹದಿನಾಲ್ಕು ವರ್ಷದ ಹಿಂದೆ ಮಾವ ಅಜ್ಜಿಯ ಸ್ಟೀರಿಂಗ್ ಬಾಕ್ಸಿಗೆ ದಪ್ಪ ತಗಡು ಕೊಟ್ಟು ಕೆಳಗಿಳಿಸಿದ್ದರು. ಟಾರ್ಚು ಹಿಡಿದವಳು ನಾನು. ಮಾವ ಮರೆತಿದ್ದಾರೆ. ಅವಳು ಅಳತೆ ತೆಗೆದದ್ದು ಪುಸ್ತಕದಿಂದ. ಪುಸ್ತಕದ ಅಜ್ಜಿಯೇ ಬೇರೆ, ನಮ್ಮ ಅಜ್ಜಿಯೇ ಬೇರೆ.

ಹೇಳಲಿಲ್ಲ. ಅವಳ ಒಂದೊಂದು ಬೋಲ್ಟನ್ನೂ ಮಾವ ನೋಡುತ್ತಾರಲ್ಲ, ಇದನ್ನೂ ನೋಡುತ್ತಾರೆ. ಅವರೇ ಹಿಡಿಯಲಿ. ಒಂದೇ ಒಂದು ಸಲ ಅವರ ಬಾಯಿಂದ ಅವಳಿಗೆ ಬೈಗುಳ ಬೀಳಲಿ. ಅದನ್ನು ನಾನು ಕೇಳಬೇಕು.

ಫೆಬ್ರವರಿ 19, ಬುಧವಾರ

ಮಾವ ಗುಂಡಿಗೆ ಇಳಿಯಲಿಲ್ಲ. ಮಗಳ ಜೊತೆ ಕೂತು ಅಜ್ಜಿಯ ಸೀಟು ಒರೆಸಿದರು.

ಫೆಬ್ರವರಿ 20, ಗುರುವಾರ

ಇವತ್ತೂ ಇಳಿಯಲಿಲ್ಲ. ನಾಳೆ ಬೆಳಿಗ್ಗೆ ಓಡಿಸುತ್ತಾರಂತೆ. ಅದಕ್ಕೆ ಮೊದಲು ನೋಡಿಯೇ ನೋಡುತ್ತಾರೆ. ನೋಡದೆ ಗಾಡಿ ತೆಗೆದ ಮನುಷ್ಯನೇ ಅಲ್ಲ. ಊಟ ಸೇರಲಿಲ್ಲ. ಅವಳು, "ಅತ್ತಿಗೆ, ಹುಷಾರಿಲ್ವಾ? ಪಾತ್ರೆ ನಾನು ತೊಳೀತೀನಿ ಬಿಡಿ" ಅಂದಳು. ತೊಳೆದಳು. ಚೆನ್ನಾಗಿಯೇ ತೊಳೆದಳು, ಅದೂ ಒಂದು ಕೋಪ.

ಫೆಬ್ರವರಿ 21, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಒಂಬತ್ತು ಗಂಟೆಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅವಳು ಪಕ್ಕದ ಸೀಟಿನಲ್ಲಿ ಕೂತಳು. ಗೇಟು ತೆಗೆದಿತ್ತು. ಎದುರಿನ ಇಳಿಜಾರು, ಕೆಳಗೆ ಶಾಲೆಯ ತಿರುವು, ಎಲ್ಲ ಕಾಣುತ್ತಿತ್ತು. ಮಾವ ಎಂಜಿನ್ ಶುರು ಮಾಡಿದರು. ಹತ್ತು ತಿಂಗಳ ಮೇಲೆ ಅವರ ಎಡಗೈ ಗೇರಿನ ಮೇಲೆ ಕೂತಿತ್ತು. ಮುಖ ಹೇಗಿತ್ತೆಂದರೆ, ಅದನ್ನು ಬರೆಯಲಾರೆ.

ನಾನು ಕಿಟಕಿಯ ಹತ್ತಿರ ಹೋಗಿ, "ಮಾವ, ಒಂದ್ಸಲ ಕೆಳಗಿಳಿದು ನೋಡಲ್ವಾ?" ಅಂದೆ.

"ನೋಡಿದೆನಲ್ಲಮ್ಮ. ಮೇಲಿಂದ್ಲೇ ಟಾರ್ಚ್ ಬಿಟ್ಟು ನೋಡ್ದೆ. ಪುಟ್ಟಿ ಮಾಡಿದ್ದನ್ನೆಲ್ಲ ನೀನು ಆಮೇಲೆ ಬಿಗಿದಿದ್ದೀಯಲ್ಲ, ಎಲ್ಲದಕ್ಕೂ ಕೆಂಪು ಇದೆ. ಕೆಂಪು ಇದ್ಮೇಲೆ ನಾನ್ಯಾಕೆ ಇಳೀಲಿ?" ಅಂದರು. ನಗುತ್ತಾ ಮಗಳ ಕಡೆ ತಿರುಗಿ, "ನಿಮ್ಮತ್ತಿಗೆ ಕೆಂಪು ಹಚ್ಚಿದ್ದನ್ನ ನಾನು ಮುಟ್ಟಿ ನೋಡಿದ್ದೇ ಇಲ್ಲ. ಎಷ್ಟು ವರ್ಷ ಆಯ್ತೋ. ನನ್ನ ಬಿಳೀನಾದ್ರೂ ಎರಡು ಸಲ ನೋಡ್ತೀನಿ" ಅಂದರು.

ಸ್ಟೀರಿಂಗಿನ ಕೆಂಪು ನಾನು ಹಚ್ಚಿದ್ದಲ್ಲ. ಅವರು ಗೇರು ಹಾಕಿದರು. ಅಜ್ಜಿ ಒಂದು ಮಾರು ಮುಂದೆ ಹೋಯಿತು.

ಕಿಟಕಿಯೊಳಗೆ ಕೈ ಹಾಕಿ ಕೀಲಿಯನ್ನು ಎಳೆದುಕೊಂಡೆ. ಮಾವನ ಅಂಗಿಯ ತೋಳು ಹರಿಯಿತು. "ಇಳೀರಿ! ಇಬ್ಬರೂ ಇಳೀರಿ!" ಎಂದು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಕಾರನ್ನು ತಳ್ಳಿ ಗುಂಡಿಯ ಮೇಲೆ ತಂದು, ಅವಳನ್ನು ಕೆಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಜಾಯಿಂಟಿಗೆ ಕೆಳಗಿನಿಂದ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟೆ. ಮೂರನೆಯದಕ್ಕೆ ಕಳಚಿ ಪಕ್ಕಕ್ಕೆ ವಾಲಿತು.

"ಪುಸ್ತಕದಲ್ಲಿ ಸರಿಯಾಗಿತ್ತು ಅತ್ತಿಗೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಇದನ್ನ ಯಾವಾಗ ನೋಡಿದ್ರಿ?" ಅಂದಳು.

ಮಾವ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಈಗ ತಾನೇ ಹೊಳೆಯಿತು ಅನ್ನಬಹುದಿತ್ತು. ಬಾಯಿಗೂ ಬಂದಿತ್ತು.

"ಮಂಗಳವಾರ" ಅಂದೆ.

ಮಾವ ಒಳಗೆ ಹೋದರು. ವಾಪಸು ಬಂದಾಗ ಕೈಯಲ್ಲಿ ಬಿಳಿ ಬಣ್ಣದ ಡಬ್ಬಿಯಿತ್ತು. ಇಸ್ತ್ರಿ ಅಂಗಿಯಲ್ಲೇ, ಒಂದೇ ಕೈಯಲ್ಲಿ ಏಣಿ ಹಿಡಿದು ಗುಂಡಿಗೆ ಇಳಿದರು. ನಾನು ಹಿಡಿಯಲು ಹೋದರೆ ಬೇಡ ಎಂದು ಕೈ ಆಡಿಸಿದರು. ನಾನು ಗೇರಿಗೆ ಹಾಕಿದ್ದ ಹನ್ನೊಂದು ಬೋಲ್ಟುಗಳಿಗೂ ಒಂದೊಂದಾಗಿ ಸ್ಪ್ಯಾನರ್ ಕೊಟ್ಟು ನೋಡಿದರು. ನನ್ನ ಕೆಂಪಿನ ಪಕ್ಕ ಹನ್ನೊಂದು ಬಿಳಿ ಗೆರೆ ಎಳೆದರು. ಹನ್ನೊಂದೂ ಬಿಗಿಯಾಗಿದ್ದವು. ಅದನ್ನು ಅವರು ಹೇಳಲೂ ಇಲ್ಲ.

ಇಷ್ಟು ವರ್ಷ ನನ್ನ ಕೈಯಲ್ಲಿ ಏನಿತ್ತೆಂದು ಬೆಳಿಗ್ಗೆ ಒಂಬತ್ತಕ್ಕೆ ಗೊತ್ತಾಯಿತು. ಹತ್ತು ಗಂಟೆಗೆ ಅದು ಇರಲಿಲ್ಲ.

ಫೆಬ್ರವರಿ 22, ಶನಿವಾರ

ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ನನ್ನ ತಂಗಿ ಕಣೇ ಅವಳು" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 26, ಬುಧವಾರ

ಅವಳೇ ಬಂದು ಬಾಗಿಲಲ್ಲಿ ನಿಂತಳು. "ಅತ್ತಿಗೆ, ನೀವು ಮಾಡಿದ್ರಿಂದ ನನಗೆ ತುಂಬಾ ನೋವಾಯ್ತು. ಅದು ಹಾಗೇ ಇರ್ಲಿ, ಈಗ್ಲೇ ಹೋಗಲ್ಲ. ಆದ್ರೆ ಬ್ರಾಕೆಟ್ ಇಳಿಸ್ಬೇಕು, ನನಗೊಬ್ಬಳಿಗೇ ಆಗಲ್ಲ" ಅಂದಳು. ಎದ್ದು ಹೋದೆ.

ಡ್ಯಾಶ್‌ಬೋರ್ಡಿನ ಕೆಳಗೆ ಸ್ಟೀರಿಂಗ್ ಹಿಡಿದಿರುವ ಬ್ರಾಕೆಟ್ಟಿನ ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡಿ ರಾಡನ್ನು ಬೆರಳಗಲ ಕೆಳಗೆ ಸರಿಸಬೇಕಿತ್ತು. "ಬೆರಳಗಲ ಅಂದ್ರೆ ಎಷ್ಟು?" ಅಂದಳು. ಬೆರಳು ತೋರಿಸಿದೆ. ನನ್ನ ಬೆರಳಿಗೇ ಅಳತೆ ಪಟ್ಟಿ ಹಿಡಿದು ಅಂಕಿ ಬರೆದುಕೊಂಡಳು! ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು, ಆದರೆ ಬೇಗ ನಿಲ್ಲಿಸಿಕೊಂಡಳು.

ಮಧ್ಯಾಹ್ನ ಅರ ಎಳೆಯುತ್ತಾ, "ಅಪ್ಪ ಫೋನ್ ಮಾಡಿದಾಗೆಲ್ಲ ನಿಮ್ಮ ಮಾತೇ. ಅವಳು ಹಾಗೆ ಮಾಡಿದ್ಲು, ಹೀಗೆ ಮಾಡಿದ್ಲು. ಒಂದೊಂದ್ಸಲ ಫೋನ್ ಇಟ್ಟುಬಿಡೋಣ ಅನ್ಸೋದು" ಅಂದಳು. ಇನ್ನೊಂದು ಅರ ಕೊಟ್ಟೆ, ಅವಳದು ಮೊಂಡಾಗಿತ್ತು.

ಜಾಯಿಂಟು ಪೂರ್ತಿ ಇಳಿಯಿತು. ಬೋಲ್ಟು ತೋಡಿಗೆ ಬಿದ್ದಾಗ ಟಕ್ಕೆಂದ ಸದ್ದು ಇಬ್ಬರಿಗೂ ಕೇಳಿತು. ಅವಳು ಸಂಜೆ ಅಂಗಡಿಗೆ ಹೋಗಿ ಹಸಿರು ನೇಲ್ ಪಾಲಿಶ್ ತಂದು ತನ್ನ ಬೋಲ್ಟುಗಳಿಗೆ ಹಚ್ಚಿದಳು. ಹಸಿರು ಚೆನ್ನಾಗಿ ಕಾಣುತ್ತದೆ. ಕೆಂಪಿಗಿಂತಲೂ ಚೆನ್ನಾಗಿ ಕಾಣುತ್ತದೆ, ದರಿದ್ರದ್ದು.

ಮಾರ್ಚ್ 9, ಭಾನುವಾರ

ಹದಿನೈದು ದಿನದಿಂದ ಮಾವ ನನ್ನ ಪ್ರತಿಯೊಂದು ಕೆಲಸವನ್ನೂ ನೋಡುತ್ತಿದ್ದಾರೆ. ವ್ಯಾನಿನ ಚಕ್ರ, ಲಾರಿಯ ಪಂಪು, ಎಲ್ಲ ಕೆಂಪಿನ ಪಕ್ಕದಲ್ಲೂ ಬಿಳಿ. ಹತ್ತಿರ ಬಂದು ನೋಡಲಿ ಎಂದು ಗೋಳಾಡಿದವಳು ನಾನೇ ಅಲ್ಲವೇ? ಈಗ ಬಂದು ನಿಂತರೆ ಬಿಗಿದದ್ದನ್ನೇ ಮತ್ತೆ ಬಿಗಿಯುತ್ತೇನೆ. ಮಾತು ಮಾತ್ರ ಮೊದಲಿನ ಹಾಗೇ ಆಡುತ್ತಾರೆ.

ಇವತ್ತು ಪುಟ್ಟಿಯ ಕೊನೆಯ ಭಾನುವಾರ, ಬುಧವಾರ ಕೆಲಸಕ್ಕೆ ಹಾಜರಾಗಬೇಕಂತೆ. ಅಜ್ಜಿಯಲ್ಲಿ ಅಪ್ಪ ಮಗಳು ಊರಾಚೆ ಅಣೆಕಟ್ಟಿನವರೆಗೆ ಹೋಗುವುದೆಂದಾಯಿತು. ಮಾವ ಎಂಜಿನ್ ಶುರು ಮಾಡಿದಮೇಲೆ ಪುಟ್ಟಿ ಬಾಗಿಲು ತೆಗೆದು ಇಳಿದಳು.

"ಅತ್ತಿಗೆ, ಒಂದ್ಸಲ ಕೆಳಗೆ ನೋಡಿಬಿಡಿ."

"ನಾನು ಬೆಳಿಗ್ಗೆ ತಾನೇ ನೋಡಿದ್ದೀನಲ್ಲೇ!" ಅಂದರು ಮಾವ.

"ನೀನು ನೋಡಿದ್ದು ನೀನು ನೋಡಿದ್ದು. ಅತ್ತಿಗೆ ನೋಡ್ಲಿ, ಆಮೇಲೆ ಹತ್ತುತೀನಿ" ಅಂದಳು. ಮಾವ ನನ್ನ ಮುಖ ನೋಡಿದರು, ಎಂಜಿನ್ ಆರಿಸಿದರು.

ಇಳಿದು ನೋಡಿದೆ. ಹಸಿರು, ಕೆಂಪು, ಬಿಳಿ, ಎಲ್ಲ ಗೆರೆಯೂ ನೇರವಾಗಿತ್ತು. ಕೆಳಗಿನ ಜಾಯಿಂಟಿನ ಬೋಲ್ಟಿಗೆ ಎರಡು ಸಲ ಸ್ಪ್ಯಾನರ್ ಕೊಟ್ಟೆ. ಮೇಲೆ ಬಂದು "ಹೋಗಿ ಬನ್ನಿ" ಅಂದೆ. ಇಳಿಜಾರಿನಲ್ಲಿ ಅಜ್ಜಿ ಇಳಿಯಿತು, ಶಾಲೆಯ ತಿರುವಿನಲ್ಲಿ ಸಲೀಸಾಗಿ ತಿರುಗಿತು. ಪುಟ್ಟಿ ಏನೋ ಹೇಳುತ್ತಿದ್ದಳು, ಮಾವ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು. ನನ್ನ ಚರ್ಮದ ಹೊಲಿಗೆಯ ಮೇಲೆ ಅವರ ಕೈ. ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವರು ಬರುವವರೆಗೆ ಗೇಟಿನ ಹತ್ತಿರವೇ ಇದ್ದೆ, ಗೇಟಿನ ಕೀಲುಗಳಿಗೆ ಎಣ್ಣೆ ಬಿಡುವುದಿತ್ತು.

ಗೋಡೆಗೆ ಒರಗಿಸಿಟ್ಟಿರುವ ಅಜ್ಜಿಯ ಹಳೆಯ ಸ್ಟೀರಿಂಗನ್ನು ಮೊಮ್ಮಗಳಿಗೆ ಹಾಕಬಹುದೆಂದು ಪುಟ್ಟಿ ಚಿತ್ರ ಬರೆದುಕೊಟ್ಟಿದ್ದಾಳೆ. ಅಂಕಿಯ ಪಕ್ಕದಲ್ಲಿ 'ಅತ್ತಿಗೆಯ ಬೆರಳಲ್ಲಿ ಒಂದೂವರೆ' ಎಂದೂ ಬರೆದಿದ್ದಾಳೆ. ಮುಂದಿನ ರಜೆಗೆ ಬರುತ್ತಾಳಂತೆ. ಅಷ್ಟರೊಳಗೆ ನಾನೊಬ್ಬಳೇ ಮುಗಿಸಬಲ್ಲೆ. ಮುಗಿಸುವುದಿಲ್ಲ, ಇರಲಿ.

ಮಧ್ಯಾಹ್ನ ಬಂದ ಮಾವ, "ಬ್ರೇಕು ಸ್ವಲ್ಪ ಬಲಕ್ಕೆ ಎಳೀತಿದೆ, ನೋಡಮ್ಮ" ಎಂದು ಕೀಲಿ ಕೊಟ್ಟು ಒಳಗೆ ಹೋದರು. ಮುಂದಿನ ಎರಡು ಚಕ್ರ ಬಿಚ್ಚಿ ಸರಿಮಾಡಿ ಕೆಂಪು ಹಚ್ಚಿದೆ. ಬಿಳಿ ಡಬ್ಬಿಯ ಮುಚ್ಚಳ ತೆಗೆದು, ಕುಂಚ ಪಕ್ಕದಲ್ಲಿಟ್ಟು, ಆಯಿತೆಂದು ಹೇಳಿ ಕಳಿಸಿದೆ. ಐದು ಗಂಟೆಯವರೆಗೂ ಕಾದೆ. ಬಂದರು, ಡಬ್ಬಿ ನೋಡಿದರು, "ಒಣಗಿಹೋಗುತ್ತಲ್ಲಮ್ಮ" ಎಂದು ಮುಚ್ಚಳ ಹಾಕಿ, ಕೀಲಿ ತೆಗೆದುಕೊಂಡು, ಪುಟ್ಟಿಯನ್ನು ಕೂಗಿ ಇನ್ನೊಂದು ಸುತ್ತು ಹೊರಟರು.

ನೋಡುವುದು ಮರೆತರೋ ಏನೋ. ಗೇಟು ದಾಟುವ ಮೊದಲು ಅವರನ್ನು ನಿಲ್ಲಿಸಿ, ನಾನೇ ಇನ್ನೊಂದು ಸಲ ಬಗ್ಗಿ ನೋಡಿದೆ. ಬಿಗಿಯಾಗಿಯೇ ಇತ್ತು.